ಮಲ್ಪೆ ಹೆಸರಿನ ಯುದ್ಧನೌಕೆ: ಆಳವಿಲ್ಲದ ಕಡಲಲ್ಲಿ ಕಳ್ಳನನ್ನು ಹುಡುಕೋದು ಹೇಗೆ?

ಮಲ್ಪೆ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಬೀಚ್, ಬಂದರು, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ಬೋಟ್, ಬಂಗುಡೆ ಫ್ರೈ. ಆದ್ರೆ ಮಲ್ಪೆ ಅನ್ನೋದು ಒಂದು ಯುದ್ಧನೌಕೆಯ ಹೆಸರೂ ಹೌದು. ಅದರ ಜೊತೆಗಾರ ನೌಕೆಯ ಹೆಸರು ಮೂಲ್ಕಿ. ಎರಡೂ 2024ರ ಸೆಪ್ಟೆಂಬರ್ 9ರಂದು, ಒಂದೇ ದಿನ, ಕೊಚ್ಚಿಯಲ್ಲಿ ನೀರಿಗಿಳಿದವು.

ಇವು ಸಬ್‌ಮರೀನ್ ಬೇಟೆಗೆ ಅಂತಲೇ ಕಟ್ಟಿದ ಸಣ್ಣ ಹಡಗುಗಳು. ಒಟ್ಟು 16 ಹಡಗುಗಳಿಗೆ 2019ರಲ್ಲಿ ಒಪ್ಪಂದ ಆಯ್ತು. ಎಂಟು ಕೋಲ್ಕತ್ತದ ಜಿಆರ್‌ಎಸ್‌ಇಗೆ, ಎಂಟು ಕೊಚ್ಚಿನ್ ಶಿಪ್‌ಯಾರ್ಡ್‌ಗೆ. ಮೊದಲನೆಯದು, ಐಎನ್‌ಎಸ್ ಅರ್ನಾಲಾ, 2025ರ ಜೂನ್ 18ರಂದು ವಿಶಾಖಪಟ್ಟಣದಲ್ಲಿ ನೌಕಾಪಡೆ ಸೇರಿತು. ಕೊಚ್ಚಿಯ ಮೊದಲನೆಯದು, ಐಎನ್‌ಎಸ್ ಮಾಹೆ, ಅದೇ ವರ್ಷ ನವೆಂಬರ್‌ನಲ್ಲಿ ಮುಂಬೈಯಲ್ಲಿ ಸೇರಿತು.

ನಮ್ಮಲ್ಲಿ ದೊಡ್ಡ ದೊಡ್ಡ ಹಡಗುಗಳಿವೆಯಲ್ಲ, ಈ ಸಣ್ಣವು ಯಾಕೆ ಅಂತ ಕೇಳಬಹುದು. ಉತ್ತರಕ್ಕೆ 1971ಕ್ಕೆ ಹೋಗೋಣ.

ಆ ವರ್ಷ ಡಿಸೆಂಬರ್ 9ರ ರಾತ್ರಿ. ದಿಯು ತೀರದಾಚೆ ಪಾಕಿಸ್ತಾನದ ಹ್ಯಾಂಗರ್ ಅನ್ನೋ ಸಬ್‌ಮರೀನ್ ಅಡಗಿತ್ತು. ಅದನ್ನ ಹುಡುಕೋಕೆ ಹೋಗಿದ್ದು ನಮ್ಮ ಐಎನ್‌ಎಸ್ ಖುಕ್ರಿ ಮತ್ತು ಕಿರ್ಪಾಣ್. ಆದ್ರೆ ಹ್ಯಾಂಗರ್‌ಗೇ ಇವರ ಸುಳಿವು ಮೊದಲು ಸಿಕ್ಕಿತು. ಟಾರ್ಪಿಡೊ ಬಡಿದು ಕೆಲವೇ ನಿಮಿಷದಲ್ಲಿ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ. ಒಂದು ಮಾತು ಗಮನಿಸಿ: ಖುಕ್ರಿ ಕೂಡ ಸಬ್‌ಮರೀನ್ ಹುಡುಕೋಕೇ ಕಟ್ಟಿದ ಹಡಗು. ಬೇಟೆಗೆ ಹೋದವರೇ ಬೇಟೆಯಾದರು. ಅಲ್ಲಿ ಯಾರಿಗೆ ಮೊದಲು ಕೇಳಿಸುತ್ತೋ ಅವರೇ ಗೆದ್ದ ಹಾಗೆ.

ಹೌದು, ಕೇಳಿಸೋದು. ನೀರಿನೊಳಗೆ ರೇಡಾರ್ ನಡೆಯಲ್ಲ. ಇರೋದು ಸೋನಾರ್: ಶಬ್ದ ಕಳಿಸಿ, ಏನಕ್ಕಾದ್ರೂ ಬಡಿದು ವಾಪಸ್ ಬರುತ್ತಾ ಅಂತ ಕಿವಿಗೊಡೋದು.

ಆಳ ಕಮ್ಮಿ ಇದ್ರೆ ಹುಡುಕೋದು ಸುಲಭ ಅನ್ಸುತ್ತೆ ಅಲ್ವಾ? ಉಲ್ಟಾ. ಬಯಲಲ್ಲಿ ನಿಂತು ಸ್ನೇಹಿತನನ್ನ ಕೂಗಿ, ಸ್ಪಷ್ಟವಾಗಿ ಕೇಳುತ್ತೆ. ಅದೇ ಊಟದ ಹೊತ್ತಲ್ಲಿ ಮದುವೆ ಛತ್ರದೊಳಗೆ ಕೂಗಿ ನೋಡಿ. ವಾಲಗ, ಪಾತ್ರೆ ಸದ್ದು, ಜನರ ಮಾತು, ಗೋಡೆಗೆ ಬಡಿದು ಬರೋ ಪ್ರತಿಧ್ವನಿ. ತೀರದ ಕಡಲೂ ಹಾಗೇ. ಶಬ್ದ ತಳಕ್ಕೆ ಬಡಿಯುತ್ತೆ, ಮೇಲ್ಮೈಗೆ ಬಡಿಯುತ್ತೆ. ತಳದ ಬಂಡೆ, ಹಳೇ ಮುಳುಗಡೆ ಹಡಗು, ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಮೇಲೆ ನೂರಾರು ಟ್ರಾಲರ್ ಎಂಜಿನ್. ಸಾಲದ್ದಕ್ಕೆ, ಬಿಸಿಲಿಗೆ ಕಾದ ಮೇಲಿನ ನೀರು ಮತ್ತು ಕೆಳಗಿನ ತಣ್ಣೀರು ಸೇರೋ ಕಡೆ ಶಬ್ದ ಬಾಗಿಬಿಡುತ್ತೆ. ಅದರ ಕೆಳಗೆ ಬ್ಯಾಟರಿಯಲ್ಲಿ ಸದ್ದಿಲ್ಲದೆ ಕೂತ ಸಬ್‌ಮರೀನ್ ಹತ್ತಿರದಲ್ಲೇ ಇದ್ರೂ ಗೊತ್ತಾಗದೆ ಹೋಗಬಹುದು.

ಅದಕ್ಕೇ ಈ ಹಡಗುಗಳಲ್ಲಿ ಎರಡು ಕಿವಿ. ಒಂದು ಹಡಗಿನ ತಳದಲ್ಲಿ. ಇನ್ನೊಂದನ್ನ ಕೇಬಲ್‌ನಲ್ಲಿ ಬೇಕಾದ ಆಳಕ್ಕೆ, ಆ ಬಿಸಿ ಪದರದ ಕೆಳಗೇ, ಇಳಿಬಿಟ್ಟು ಕೇಳಬಹುದು. ಸಿಕ್ಕರೆ ಹೊಡೆಯೋಕೆ ಹಗುರ ಟಾರ್ಪಿಡೊ, ಸಬ್‌ಮರೀನ್ ನಿರೋಧಕ ರಾಕೆಟ್.

ಮಲ್ಪೆ, ಮೂಲ್ಕಿ ಇಬ್ಬರದೂ ಉದ್ದ 78 ಮೀಟರ್, ತೂಕ ಸುಮಾರು 900 ಟನ್, ವೇಗ 25 ನಾಟ್, ಅಂದ್ರೆ ಗಂಟೆಗೆ ಸುಮಾರು 46 ಕಿ.ಮೀ. ಮುಖ್ಯವಾದ ಅಂಕಿ ಇನ್ನೊಂದಿದೆ: ನೀರಿನೊಳಗೆ ಇಳಿಯೋದು ಸುಮಾರು 2.7 ಮೀಟರ್ ಮಾತ್ರ, ಒಂದೂವರೆ ಆಳುದ್ದ. ನಮ್ಮ ದೊಡ್ಡ ಡೆಸ್ಟ್ರಾಯರ್‌ಗಳಿಗೆ ಆರು ಮೀಟರ್‌ಗಿಂತ ಹೆಚ್ಚು ಬೇಕು. ಈ ಹಡಗುಗಳನ್ನ ತಳ್ಳೋದು ವಾಟರ್‌ಜೆಟ್. ತೋಟದ ಪೈಪ್ ಬಾಯಿ ಅದುಮಿ ಹಿಡಿದ್ರೆ ನೀರು ಮುಂದೆ ಚಿಮ್ಮಿ ಕೈ ಹಿಂದಕ್ಕೆ ಹೋಗುತ್ತಲ್ಲ, ಅದೇ ತತ್ವ. ಕೆಳಗೆ ಚಾಚಿಕೊಂಡ ಫ್ಯಾನ್ ಇಲ್ಲ, ತಳಕ್ಕೆ ತಗಲೋ ಭಯ ಕಮ್ಮಿ.

ಮಿತಿಯೂ ಇದೆ. ದೊಡ್ಡ ಕ್ಷಿಪಣಿಗಳಿಲ್ಲ, 30 ಮಿ.ಮೀ. ಗನ್ ಇದೆ ಅಷ್ಟೇ. ಆಕಾಶದಿಂದ ಏಟು ಬಂದ್ರೆ ಬೇರೆ ಹಡಗು, ವಿಮಾನಗಳ ಆಸರೆ ಬೇಕು. ಇವು ತೀರದ ಕಾವಲುಗಾರರು, ದೂರದ ಸಾಗರದ ಯೋಧರಲ್ಲ.

ಕೊನೇದಾಗಿ, ಈ ಕೆಲಸ ಎಷ್ಟು ಕಷ್ಟ ಅಂತ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯ್ತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಆಚೆ ಸಿಕ್ಕಿದೆ ಅಂತ ನೌಕಾಪಡೆ ಹೇಳಿದ್ದು 2019ರ ಮೇ ತಿಂಗಳಲ್ಲಿ. ಆಳ ಸುಮಾರು 60 ಮೀಟರ್. ಅಲ್ಲಾಡದೆ ಬಿದ್ದಿದ್ದ ಬೋಟ್ ಸಿಗೋಕೇ ನಾಲ್ಕು ತಿಂಗಳ ಮೇಲಾಯ್ತು. ಹಾಗಿದ್ರೆ ಸಿಗಬಾರದು ಅಂತಲೇ ಸರಿದಾಡೋ ಸಬ್‌ಮರೀನ್?

ಈ ಹೊಸ ಹಡಗುಗಳ ಕೆಲಸದ ಪಟ್ಟಿಯಲ್ಲಿ ಶೋಧ ಮತ್ತು ರಕ್ಷಣೆಯೂ ಇದೆ. ಅವುಗಳಲ್ಲಿ ಒಂದರ ಹೆಸರು ಮಲ್ಪೆ, ಇನ್ನೊಂದರದು ಮಾಲ್ವಣ್. ಆ ಏಳು ಮನೆಗಳು ಕಾದ ಹಾಗೆ ಇನ್ನೊಂದು ಮನೆ ಅಷ್ಟು ದಿನ ಕಾಯದಿದ್ದರೆ, ಆ ಹೆಸರುಗಳಿಗೆ ಅದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.