ನಿದ್ದೆಗೆ ಯಾರು ಸಾಕ್ಷಿ?

ಕಾಶಿಯ ದೊರೆ ಅಜಾತಶತ್ರುವಿನ ಬಳಿಗೆ ಗಾರ್ಗ್ಯ ಬಾಲಾಕಿ ಎಂಬ ಪಂಡಿತ ಬರುತ್ತಾನೆ, ಬ್ರಹ್ಮವನ್ನು ಹೇಳಿಕೊಡುತ್ತೇನೆ ಎನ್ನುತ್ತಾನೆ. ಸೂರ್ಯನೊಳಗಿನ ಪುರುಷ, ಚಂದ್ರನೊಳಗಿನ ಪುರುಷ, ಮಿಂಚಿನಲ್ಲಿ, ಗಾಳಿಯಲ್ಲಿ, ಕನ್ನಡಿಯಲ್ಲಿ ಇರುವವನು ಎಂದು ಒಂದೊಂದನ್ನೇ ತೋರಿಸುತ್ತ ಹೋಗುತ್ತಾನೆ. ದೊರೆ ಯಾವುದನ್ನೂ ಒಪ್ಪುವುದಿಲ್ಲ. ಹೇಳುವುದೆಲ್ಲ ಮುಗಿದು ಬಾಲಾಕಿ ಸುಮ್ಮನಾದಾಗ ದೊರೆ ಅವನ ಕೈ ಹಿಡಿದು, ಮಲಗಿ ನಿದ್ದೆ ಹೋದ ಒಬ್ಬನ ಹತ್ತಿರ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಹೆಸರು ಹಿಡಿದು ಕೂಗಿದರೂ ಆತ ಏಳುವುದಿಲ್ಲ. ಕೈಯಿಂದ ಅಲುಗಿಸಿದ ಮೇಲೆ ಎದ್ದು ಕೂರುತ್ತಾನೆ. ಮಲಗಿದ್ದಾಗ ಇವನೊಳಗಿನ ಅರಿವು ಎಲ್ಲಿತ್ತು, ಈಗ ಎಲ್ಲಿಂದ ಬಂತು ಎಂದು ದೊರೆ ಕೇಳುತ್ತಾನೆ. ಬಾಲಾಕಿಯ ಬಳಿ ಉತ್ತರವಿಲ್ಲ.

ಬೃಹದಾರಣ್ಯಕ ಉಪನಿಷತ್ತಿನ ಈ ಪ್ರಸಂಗದಲ್ಲಿ ಪದ್ಮಾಸನವಿಲ್ಲ, ಮುಚ್ಚಿದ ಕಣ್ಣಿನ ಮುಂದೆ ಬೆಳಕಿಲ್ಲ. ಇರುವುದು ಎಲ್ಲ ಮನೆಯಲ್ಲೂ ದಿನಾ ನಡೆಯುವ ನಿದ್ದೆ ಮತ್ತು ಎಚ್ಚರ. ಧ್ಯಾನದ ಬೋಧನೆಗಳಲ್ಲಿ ಬರುವ ಜ್ಞಾನೋದಯ, ಪ್ರಜ್ಞೆ, ತುರೀಯ ಎಂಬ ಮಾತುಗಳನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಮೊದಲು ಪದಗಳ ಗೋಜಲು ಬಿಡಿಸಿಕೊಳ್ಳಬೇಕು. ಜ್ಞಾನೋದಯ ಎಂದರೆ ಕನ್ನಡಿಗರ ಕಣ್ಣಿಗೆ ಬೋಧಗಯೆಯ ಅರಳಿಮರ ಬರುತ್ತದೆ. ಇತಿಹಾಸದ ಪಾಠದಲ್ಲಿ ಯುರೋಪಿನ 18ನೆಯ ಶತಮಾನದ ವಿಚಾರಕ್ರಾಂತಿಗೂ ಅದೇ ಹೆಸರು. ಪ್ರಜ್ಞೆಯ ಪಾಡು ಇನ್ನೂ ತೊಡಕಿನದು. ಆಸ್ಪತ್ರೆಯಲ್ಲಿ ‘ಪ್ರಜ್ಞೆ ತಪ್ಪಿದೆ’ ಎಂದರೆ ಎಚ್ಚರ ಹೋಗಿದೆ ಎಂದರ್ಥ. ಬೌದ್ಧರಿಗೆ ಪ್ರಜ್ಞೆ ಎಂದರೆ ವಸ್ತುವನ್ನು ಇದ್ದಂತೆಯೇ ಕಾಣುವ ಒಳನೋಟ. ಮಾಂಡೂಕ್ಯ ಉಪನಿಷತ್ತು ‘ಪ್ರಾಜ್ಞ’ ಎಂದು ಕರೆಯುವುದು ಗಾಢ ನಿದ್ದೆಯಲ್ಲಿ ಇರುವವನನ್ನು! ಮೂರೂ ಬೇರೆಬೇರೆ ಎಂದು ತಿಳಿಯದೆ ಶಿಬಿರದಿಂದ ಶಿಬಿರಕ್ಕೆ ಅಲೆಯುವವರು ಒಂದೇ ಪದ ಕೇಳಿ ಮೂರು ಊರಿನ ದಾರಿ ಹಿಡಿಯುತ್ತಾರೆ.

ಮಾಂಡೂಕ್ಯದಲ್ಲಿ ಇರುವುದು 12 ಮಂತ್ರ ಮಾತ್ರ. ಎಚ್ಚರದಲ್ಲಿ ಹೊರಗಿನದನ್ನು ಅರಿಯುವವನು ವೈಶ್ವಾನರ, ಕನಸಿನಲ್ಲಿ ಒಳಗಿನದನ್ನು ಅರಿಯುವವನು ತೈಜಸ, ಎರಡೂ ಅಡಗಿದ ನಿದ್ದೆಯಲ್ಲಿ ಪ್ರಾಜ್ಞ. ಓಂಕಾರದ ಅ, ಉ, ಮ ಎಂಬ ಮೂರು ಮಾತ್ರೆಗಳು ಈ ಮೂವರಿಗೆ ಹೊಂದುತ್ತವೆ. ನಾಲ್ಕನೆಯದಾದ ತುರೀಯಕ್ಕೆ ಮಾತ್ರೆಯೇ ಇಲ್ಲ. ಅದು ಒಳಗನ್ನು ಅರಿಯುವುದೂ ಅಲ್ಲ, ಹೊರಗನ್ನು ಅರಿಯುವುದೂ ಅಲ್ಲ ಎಂದು ಅಲ್ಲಗಳೆಯುತ್ತಲೇ ಉಪನಿಷತ್ತು ಅದನ್ನು ಸೂಚಿಸುತ್ತದೆ. ನಾಲ್ಕನೆಯದು ಎಂದ ಮಾತ್ರಕ್ಕೆ ತುರೀಯ ಇನ್ನೊಂದು ಅವಸ್ಥೆಯಲ್ಲ. ಮೂರರಲ್ಲೂ ಕದಲದೆ ಇರುವ ಅರಿವಿಗೇ ಆ ಹೆಸರು.

ಹಾಗಾದರೆ ನಿದ್ದೆಯಲ್ಲಿ ಅದು ಏಕೆ ಗೊತ್ತಾಗುವುದಿಲ್ಲ? ಈ ಆಕ್ಷೇಪವನ್ನು ಎತ್ತಿದವನು ಇಂದ್ರ. ಛಾಂದೋಗ್ಯ ಉಪನಿಷತ್ತಿನಲ್ಲಿ ಅವನೂ ಅಸುರರ ವಿರೋಚನನೂ ಆತ್ಮವನ್ನು ತಿಳಿಯಲು ಪ್ರಜಾಪತಿಯ ಬಳಿ 32 ವರ್ಷ ಇರುತ್ತಾರೆ. ನೀರಿನಲ್ಲಿ ಕಂಡ ದೇಹವೇ ಆತ್ಮ ಎಂದುಕೊಂಡು ವಿರೋಚನ ಸಂತೋಷದಿಂದ ಹೊರಟುಹೋಗುತ್ತಾನೆ. ಇಂದ್ರ ಅರ್ಧ ದಾರಿಯಿಂದ ಮರಳುತ್ತಾನೆ. ಇನ್ನೂ 32 ವರ್ಷ ಕಳೆದ ಮೇಲೆ ಕನಸಿನ ಪಾಠ, ಮತ್ತೆ 32 ವರ್ಷದ ಬಳಿಕ ನಿದ್ದೆಯ ಪಾಠ. ಆಗಲೂ ಅವನಿಗೆ ಸಮಾಧಾನವಿಲ್ಲ: ನಿದ್ದೆಯಲ್ಲಿ ‘ನಾನು’ ಎಂಬುದೇ ತಿಳಿಯದು, ಅಳಿದೇ ಹೋದಂತಿದೆ, ಇದರಲ್ಲಿ ಏನು ಸೊಗಸು? ಮತ್ತೆ 5 ವರ್ಷ ಕಾದ ಮೇಲೆ ಕೊನೆಯ ಉಪದೇಶ. ಒಟ್ಟು 101 ವರ್ಷ. ಗುರುವಿನ ಮಾತನ್ನು ಪರೀಕ್ಷಿಸದೆ ತಲೆದೂಗದ ಇಂದ್ರನೇ ಧ್ಯಾನ ಮಾಡುವವರಿಗೆ ಮೇಲ್ಪಂಕ್ತಿ.

ಈ ಆಕ್ಷೇಪಕ್ಕೆ ವೇದಾಂತಿಗಳು ಕೊಡುವ ಉತ್ತರ ಮನೆಮಾತಿನಲ್ಲೇ ಇದೆ. ಬೆಳಿಗ್ಗೆ ಎದ್ದವರು ‘ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ’ ಎನ್ನುತ್ತಾರೆ. ಏನೂ ಗೊತ್ತಾಗಲಿಲ್ಲ ಎಂಬುದು ಗೊತ್ತಾದದ್ದು ಹೇಗೆ? ಅಲ್ಲಿ ವಸ್ತುಗಳಿರಲಿಲ್ಲ, ನಿಜ; ಆದರೆ ಅರಿವೂ ಇರಲಿಲ್ಲ ಎನ್ನಲು ಯಾರ ಬಳಿಯೂ ಸಾಕ್ಷ್ಯವಿಲ್ಲ.

ಕಳೆದ ಶತಮಾನದಲ್ಲಿ ಈ ಮೂರು ಅವಸ್ಥೆಗಳ ವಿಚಾರವನ್ನು ಬಹಳ ಗಂಭೀರವಾಗಿ ಕೈಗೆತ್ತಿಕೊಂಡ ನಾಡು ಹಳೆಯ ಮೈಸೂರು. ಕೆ. ಎ. ಕೃಷ್ಣಸ್ವಾಮಿ ಅಯ್ಯರ್ 1930ರಲ್ಲಿ ಇದನ್ನೇ ತಳಹದಿಯಾಗಿಟ್ಟು ಇಂಗ್ಲಿಷಿನಲ್ಲಿ ವೇದಾಂತದ ದೊಡ್ಡ ಗ್ರಂಥ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೇದಾಂತ ಹೇಳಿಕೊಟ್ಟವರು. 1936ರಲ್ಲಿ ಮೈಸೂರಿನ ರಾಮಕೃಷ್ಣಾಶ್ರಮ ಹೊರತಂದ ಸ್ವಾಮಿ ನಿಖಿಲಾನಂದರ ಮಾಂಡೂಕ್ಯ ಅನುವಾದಕ್ಕೆ ಮುನ್ನುಡಿ ಅವರದೇ. ಇವರೆಲ್ಲರಿಗಿಂತ ಕನ್ನಡಿಗರ ಮೇಲೆ ಹೆಚ್ಚಿನ ಋಣ ಹೊರಿಸಿದವರು ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880–1975). ಪೂರ್ವಾಶ್ರಮದಲ್ಲಿ ಸುಬ್ಬರಾಯರೆಂದು ಹೆಸರಾಗಿದ್ದ ಅವರು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಕಟ್ಟಿ, ಶಂಕರಾಚಾರ್ಯರ ಪ್ರಸ್ಥಾನತ್ರಯ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಜ್ಞಾನ ಎಂಬುದು ಎಂದೋ ಬಂದು ಹೋಗುವ ವಿಶೇಷ ಅನುಭವವಲ್ಲ, ಎಲ್ಲರಿಗೂ ಸದಾ ಇರುವ ಅನುಭವದ ಸರಿಯಾದ ತಿಳಿವಳಿಕೆ ಎಂಬ ನಿಲುವನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಪತಂಜಲಿಯ ದಾರಿ ಬೇರೆ. ಯೋಗಸೂತ್ರದ ಲೆಕ್ಕದಲ್ಲಿ ನಿದ್ದೆಯೂ ಐದು ಚಿತ್ತವೃತ್ತಿಗಳಲ್ಲಿ ಒಂದು, ಆದ್ದರಿಂದ ತಡೆಯಬೇಕಾದದ್ದು. ಮಾಂಡೂಕ್ಯಕ್ಕೆ ಅದೇ ನಿದ್ದೆ ಸಾಕ್ಷ್ಯ. ಎರಡನ್ನೂ ಒಂದೇ ಎಂಬಂತೆ ಬೋಧಿಸಿದರೆ ಕಲಿಯುವವರಿಗೆ ಅನ್ಯಾಯವಾಗುತ್ತದೆ.

ಹಾಗೆಂದು ವೇದಾಂತ ಧ್ಯಾನವನ್ನು ಕೈಬಿಟ್ಟಿಲ್ಲ. ಮಾಂಡೂಕ್ಯಕ್ಕೆ 215 ಕಾರಿಕೆಗಳನ್ನು ಬರೆದ ಗೌಡಪಾದರು ಕೂತು ಧ್ಯಾನಿಸುವವರ ಕಷ್ಟವನ್ನು ಹತ್ತಿರದಿಂದ ಕಂಡವರು. ಅವರು ಎಚ್ಚರಿಸುವ ಅಡ್ಡಿಗಳು ನಾಲ್ಕು. ಮನಸ್ಸು ತೂಕಡಿಕೆಗೆ ಜಾರುವುದು ಲಯ. ಹೊರಗೆ ಓಡುವುದು ವಿಕ್ಷೇಪ. ಕಷಾಯ ಎಂದರೆ ಬಟ್ಟೆಗೆ ಹಿಡಿದ ಕರೆಯಂತೆ ಒಳಗೇ ಕೂತ ಹಳೆಯ ಆಸೆ. ಆಗ ಮನಸ್ಸು ತೂಕಡಿಸುವುದೂ ಇಲ್ಲ, ಹೊರಗೆ ಓಡುವುದೂ ಇಲ್ಲ, ನಡುವೆ ಸಿಕ್ಕಿಕೊಂಡಿರುತ್ತದೆ. ನಾಲ್ಕನೆಯದು ರಸಾಸ್ವಾದ: ಧ್ಯಾನದಲ್ಲಿ ಸಿಗುವ ಸುಖವನ್ನೇ ಸವಿಯುತ್ತ ನಿಂತುಬಿಡುವುದು. ಇಂದು ಬಹಳ ಮಂದಿ ಜ್ಞಾನೋದಯ ಎಂದು ತಿಳಿಯುವ ಆನಂದವನ್ನು ಗೌಡಪಾದರು ಅಡ್ಡಿಗಳ ಪಟ್ಟಿಗೆ ಸೇರಿಸಿದ್ದಾರೆ. ತಿರುವಣ್ಣಾಮಲೈಯ ರಮಣ ಮಹರ್ಷಿಗಳು ಲಯದ ಬಗ್ಗೆ ಒಂದು ಕಥೆ ಹೇಳುತ್ತಿದ್ದರು. ಗಂಗೆಯ ದಡದಲ್ಲಿ ಒಬ್ಬ ಯೋಗಿ ಶಿಷ್ಯನಿಗೆ ನೀರು ತಾ ಎಂದು ಹೇಳಿ, ಅವನು ಬರುವಷ್ಟರಲ್ಲಿ ಸಮಾಧಿಗೆ ಹೋದನಂತೆ. ಬಹುಕಾಲದ ನಂತರ ಕಣ್ತೆರೆದಾಗ ಆಡಿದ ಮೊದಲ ಮಾತು ‘ನೀರೆಲ್ಲಿ?’ ಮನಸ್ಸು ಅಷ್ಟು ಕಾಲ ಅಡಗಿತ್ತೇ ಹೊರತು ಅಳಿದಿರಲಿಲ್ಲ.

ನಿದ್ದೆಯತ್ತ ವಿಜ್ಞಾನವೂ ನೋಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ವಿಪಶ್ಯನ ಧ್ಯಾನಿಗಳ ನಿದ್ದೆಯನ್ನು ಯಂತ್ರಗಳಿಂದ ದಾಖಲಿಸಿದ್ದಾರೆ. ವಯಸ್ಸಾದಂತೆ ಕುಗ್ಗುವ ಗಾಢ ನಿದ್ದೆ ಧ್ಯಾನಿಗಳಲ್ಲಿ ಹೆಚ್ಚು ಉಳಿದಿರುವುದು ಅದರಲ್ಲಿ ಕಂಡುಬಂತು. ದೇಹದ ಮಟ್ಟಿಗೆ ಇದು ಬೆಲೆಯುಳ್ಳ ಮಾತು. ಆದರೆ ಮಿದುಳಿನ ಅಲೆಗಳ ಗೆರೆ ನಿದ್ದೆ ಎಷ್ಟು ಆಳ ಎಂಬುದನ್ನು ಮಾತ್ರ ತೋರಿಸಬಲ್ಲದು. ಅಜಾತಶತ್ರು ಕೇಳಿದ್ದು ಅದನ್ನಲ್ಲ.

ಧ್ಯಾನಕ್ಕೆ ದಿನವೂ ಹೊತ್ತು ಕೊಡುವವರು ಒಂದು ಸಂಜೆಯನ್ನು ಮಾಂಡೂಕ್ಯಕ್ಕೂ ಕೊಡಲಿ. 12 ಮಂತ್ರಗಳನ್ನು ಓದಲು ಹೆಚ್ಚು ಹೊತ್ತು ಬೇಡ, ಭಾಷ್ಯ ಕನ್ನಡದಲ್ಲೇ ಸಿಗುತ್ತದೆ. ಓದಿದ ಮೇಲೆ ಇಂದ್ರನಂತೆ ಸಂಶಯ ಉಳಿದರೆ, ಅದನ್ನು ನುಂಗಿಕೊಳ್ಳದೆ ತಮ್ಮ ಮುಂದಿನ ಧ್ಯಾನ ಶಿಬಿರಕ್ಕೆ ಹೊತ್ತೊಯ್ಯಲಿ.