ಕುಂಡದ ಹೈಡ್ರೇಂಜಿಯ: ಕತ್ತರಿಗೂ ಒಂದು ಕಾಲವುಂಟು

(ಉಪನ್ಯಾಸದ ಬರಹರೂಪ)



ಮಲೆನಾಡು ಹಾಗೂ ಕೊಡಗಿನ ಅನೇಕ ಮನೆಗಳ ಜಗಲಿಯಂಚಿನಲ್ಲಿ ಹೈಡ್ರೇಂಜಿಯದ ಕುಂಡಗಳಿರುತ್ತವೆ. ಗಿಡ ಸೊಂಪಾಗಿದ್ದರೂ ಹೂ ಬಿಡಲಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಅಕಾಲದಲ್ಲಿ ಆಡಿಸಿದ ಕತ್ತರಿಯೇ ಇದಕ್ಕೆ ಅನೇಕ ವೇಳೆ ಕಾರಣ.

ಜಪಾನ್ ಮೂಲದ ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ ನಮ್ಮಲ್ಲಿ ಹೆಚ್ಚು ಪರಿಚಿತ. ಇದರ ಹೂಮೊಗ್ಗು ಬಹುಮಟ್ಟಿಗೆ ಹಿಂದಿನ ಋತುವಿನಲ್ಲಿ ಬೆಳೆದ ಕಾಂಡಗಳ ತುದಿಯಲ್ಲಿರುತ್ತದೆ. ಹಗಲು ಕಿರಿದಾಗಿ ತಂಪು ಹೆಚ್ಚುವ ದಿನಗಳಲ್ಲಿ ಬಲಿತ ಕಾಂಡವು ಮುಂದಿನ ವರ್ಷದ ಮೊಗ್ಗನ್ನು ಒಳಗೇ ಕಟ್ಟಿಕೊಳ್ಳುತ್ತದೆ. ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ ಫಸಲು ಕಾಣುವ ಅರೇಬಿಕಾ ಕಾಫಿಯ ಬೆಳೆಗಾರರಿಗೆ ಈ ಮರ್ಮ ಹೊಸದಲ್ಲ. ಚಳಿಗಾಲದಲ್ಲಿ ಗಿಡದ ತಲೆ ಸವರಿದರೆ ಬರಲಿರುವ ಹೂವನ್ನೇ ಸವರಿದಂತಾಗುತ್ತದೆ. ಹೊಸ ಚಿಗುರಿನಲ್ಲಿ ಹೂ ಬಿಡುವ ಪ್ಯಾನಿಕ್ಯುಲೇಟ, ಆರ್ಬೊರೆಸೆನ್ಸ್ ಪ್ರಭೇದಗಳನ್ನು ಮಾತ್ರ ಚಳಿಗಾಲದ ಕೊನೆಗೆ ಸವರಬಹುದು.

ಸವರುವ ಕ್ರಮ ಸರಳವಾದುದು. ಹೂಗೊಂಚಲು ಬಣ್ಣಗುಂದಿದೊಡನೆ, ಅದರ ಕೆಳಗಿನ ಮೊದಲ ದಪ್ಪ ಮೊಗ್ಗಿನ ಜೋಡಿಯನ್ನು ಉಳಿಸಿ, ಅದಕ್ಕಿಂತ ಕಾಲಂಗುಲ ಮೇಲೆ ಹರಿತವಾದ ಶುದ್ಧ ಕತ್ತರಿಯಿಂದ ಕತ್ತರಿಸಬೇಕು. ಆ ವರ್ಷ ಹೂ ಬಿಡದ ಗಟ್ಟಿ ಕಾಂಡಗಳನ್ನು ಮುಟ್ಟಬಾರದು. ಮುಂದಿನ ಹೂ ಅವುಗಳಲ್ಲಿದೆ. ಕಾಂಡ ಸತ್ತಿದೆಯೇ ಎಂಬ ಸಂಶಯ ಬಂದರೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ: ಒಳಗೆ ಹಸಿರಿದ್ದರೆ ಜೀವವಿದೆ. ಒಣಗಿದ ಹಾಗೂ ಸಣಕಲು ಕಾಂಡಗಳನ್ನು ಬುಡದಲ್ಲಿಯೇ ತೆಗೆಯಬೇಕು. ಹಳೆಯ ಗಿಡವಾದರೆ ವರ್ಷಕ್ಕೆ ಮೂರರಲ್ಲೊಂದು ಪಾಲಿಗೆ ಮೀರದಂತೆ ಅತಿ ಹಳೆಯ ಕಾಂಡಗಳನ್ನು ತೆಗೆದರೆ ಬುಡದಿಂದ ಹೊಸ ಚಿಗುರೇಳುತ್ತದೆ.

ಗಿಡ ಕುಂಡಕ್ಕೆ ಮೀರಿ ಬೆಳೆದರೆ ಮೇಲಿನಿಂದ ಕತ್ತರಿಸುತ್ತ ಹೋಗುವುದು ಪರಿಹಾರವಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಸುತ್ತಿಕೊಂಡ ಹೊರಬೇರುಗಳನ್ನು ತುಸು ಕತ್ತರಿಸಿ, ಹೊಸ ಮಣ್ಣು ಮತ್ತು ಕಾಂಪೋಸ್ಟ್ ತುಂಬಬೇಕು. ಮಳೆನೀರು ನಿಲ್ಲದಂತೆ ಕುಂಡದ ತೂತುಗಳನ್ನು ತೆರೆದಿಡಬೇಕು.

ಕತ್ತರಿಸಿದ ತುಂಡುಗಳನ್ನು ಎಲ್ಲಿ ಎಸೆಯುತ್ತೇವೆಂಬುದು ಇನ್ನೂ ಮುಖ್ಯವಾದ ಸಂಗತಿ. ಹೈಡ್ರೇಂಜಿಯದ ಕಾಂಡ ತೇವದ ಮಣ್ಣಿನಲ್ಲಿ ಸುಲಭವಾಗಿ ಬೇರೂರುತ್ತದೆ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಬೇಲಿಗೆಂದು ನೆಟ್ಟ ಇದೇ ಗಿಡ ಹೊರಗೆ ಹಬ್ಬಿ, ಸ್ಥಳೀಯ ಸಸ್ಯಗಳಿಗೆ ಎರವಾಗಿದೆ. ಅಂತಹ ಸ್ಥಿತಿ ಇಲ್ಲಿ ಬರುವವರೆಗೆ ಕಾಯಬೇಕಿಲ್ಲ. ಹಳ್ಳದ ದಂಡೆಗೆ, ಕಾಡಿನಂಚಿಗೆ ತುಂಡುಗಳನ್ನು ಎಸೆಯಬೇಡಿರಿ. ಸಯನೈಡ್ ಬಿಡುಗಡೆ ಮಾಡುವ ಅಂಶ ಎಲೆಮೊಗ್ಗುಗಳಲ್ಲಿರುವುದರಿಂದ ದನಕರುಗಳಿಗೂ ಹಾಕಬಾರದು. ಬಿಸಿಲಿನಲ್ಲಿ ಪೂರ್ಣ ಒಣಗಿಸಿ, ಬಳಿಕ ಗೊಬ್ಬರದ ಗುಂಡಿಗೆ ಸೇರಿಸಿರಿ. ನೆರೆಯವರಿಗೆ ಗಿಡ ಬೇಕಾದರೆ ನಾಲ್ಕು ತುಂಡುಗಳನ್ನು ಕುಂಡದಲ್ಲಿಯೇ ಬೇರು ಬರಿಸಿ ಕೊಡಿರಿ.