ಮನೆಯ ತೂಕ, ಆಸ್ಪತ್ರೆಯ ಕಿವಿ

ಮಾರಿಕಣಿವೆ ಜಲಾಶಯದಲ್ಲಿ ಇವತ್ತು ನೀರು ಎಷ್ಟು ಅಡಿ ಇದೆ ಎಂದು ಹಿರಿಯೂರಿನ ರೈತರನ್ನು ಕೇಳಿದರೆ ಥಟ್ಟನೆ ಹೇಳಿಯಾರು. 130 ಅಡಿ ದಾಟಿದರೆ ಕೋಡಿ. 1933ರ ನಂತರ ಅದು ಮತ್ತೆ ಬಿದ್ದದ್ದು 2022ರಲ್ಲಿ. ಹೃದಯ ವೈಫಲ್ಯದ ರೋಗಿಯ ಮೈಯಲ್ಲೂ ಹೀಗೆ ದಿನದಿನಕ್ಕೆ ನೀರು ಏರುತ್ತದೆ, ಆದರೆ ಅಲ್ಲಿ ಮಟ್ಟ ನೋಡುವವರಿಲ್ಲ. ಹೃದಯಾಘಾತವೇ ಬೇರೆ, ಇದೇ ಬೇರೆ. ಆಘಾತದಲ್ಲಿ ರಕ್ತನಾಳ ಇದ್ದಕ್ಕಿದ್ದಂತೆ ಕಟ್ಟಿಕೊಳ್ಳುತ್ತದೆ. ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ, ರಕ್ತ ತಳ್ಳುವ ಕಸುವು ಕುಗ್ಗುವುದು. ‘ಹಾರ್ಟ್ ವೀಕ್ ಆಗಿದೆ’ ಎಂದು ಜನ ಹೇಳುವುದು ಇದನ್ನೇ. ಆಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಒಳಗೇ ಹಿಡಿದಿಡುತ್ತವೆ. ಕಾಲು ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ರಾತ್ರಿ ಮಲಗಿದವರು ಉಸಿರು ಕಟ್ಟಿ ಎದ್ದು ಕೂರುತ್ತಾರೆ.

ಇದು ಸಣ್ಣ ಕಾಯಿಲೆಯಲ್ಲ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ದಾಖಲಾದ 1205 ಹೃದಯ ವೈಫಲ್ಯದ ರೋಗಿಗಳಲ್ಲಿ ಶೇಕಡ 31ರಷ್ಟು ಜನ ವರ್ಷದೊಳಗೇ ತೀರಿಕೊಂಡರು. ಆದರೆ ಈ ಕಾಯಿಲೆ ಉಲ್ಬಣಿಸುವ ಮುನ್ನ ಸುಳಿವು ಕೊಡುತ್ತದೆ. ಒಂದು ಲೀಟರ್ ನೀರು ಮೈಯಲ್ಲಿ ನಿಂತರೆ ತೂಕ ಒಂದು ಕಿಲೋ ಏರುತ್ತದೆ. ಆಸ್ಪತ್ರೆ ಸೇರಬೇಕಾದ ಅನೇಕರಲ್ಲಿ ಈ ಏರಿಕೆ ವಾರದ ಹಿಂದೆಯೇ ಶುರುವಾಗಿರುತ್ತದೆ. ಅದಕ್ಕೇ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಏನೂ ತಿನ್ನುವ ಮೊದಲು, ಸಮನೆಲದ ಮೇಲಿಟ್ಟ ಯಂತ್ರದಲ್ಲಿ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು. ತೂಕ, ರಕ್ತದೊತ್ತಡ, ನಾಡಿ ಇವುಗಳನ್ನು ಮನೆಯಿಂದಲೇ ಆಸ್ಪತ್ರೆಗೆ ಮುಟ್ಟಿಸುವುದೇ ದೂರ ನಿಗಾ.

ಇದರಿಂದ ನಿಜವಾಗಿ ಉಪಯೋಗವಿದೆಯೇ? ಅಮೆರಿಕದಲ್ಲಿ 1653 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಅಲ್ಲಿ ರೋಗಿಗಳು ದಿನವೂ ಧ್ವನಿಮುದ್ರಿತ ಪ್ರಶ್ನೆಗಳಿಗೆ ಫೋನಿನ ಗುಂಡಿ ಒತ್ತಿ ಉತ್ತರಿಸಬೇಕಿತ್ತು. ಹಲವರು ಅದನ್ನು ಮುಟ್ಟಲೇ ಇಲ್ಲ. ಜರ್ಮನಿಯಲ್ಲಿ 1571 ರೋಗಿಗಳನ್ನು ಗಮನಿಸಿದ 2018ರ ಅಧ್ಯಯನ ಬೇರೆ ಫಲ ಕೊಟ್ಟಿತು: ಸಾವಿನ ಪ್ರಮಾಣ ಮಾಮೂಲಿ ಆರೈಕೆಯವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 11 ಇದ್ದರೆ, ದೂರ ನಿಗಾದಲ್ಲಿದ್ದವರಲ್ಲಿ ಸುಮಾರು 8 ಇತ್ತು. ಅಲ್ಲಿ ಹಗಲೂ ರಾತ್ರಿ ವೈದ್ಯರು, ದಾದಿಯರು ಅಂಕಿ ನೋಡಿ ಕೂಡಲೇ ಔಷಧಿ ಬದಲಿಸುತ್ತಿದ್ದರು. ಹಾಗಾಗಿ ನನ್ನ ವಾದ ಇಷ್ಟು: ಗುಣ ಯಂತ್ರದ್ದಲ್ಲ, ಅದು ತೋರಿಸಿದ ಅಂಕಿಗೆ ಓಗೊಡುವ ಮನುಷ್ಯರದ್ದು.

ಇಂಥ ನಿಗಾ ನಮ್ಮ ಕಡೆ ಏಕೆ ಬೇಕು? ಚಿತ್ರದುರ್ಗದಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಸುಮಾರು 200 ಕಿಲೋಮೀಟರ್. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಂದ ಪ್ರತಿ ತಪಾಸಣೆಗೂ ಅಷ್ಟು ದೂರ ಹೋಗಿಬರುವುದೆಂದರೆ ಇಬ್ಬರ ಕೂಲಿ ಹೋದಂತೆ. ದೂರದಿಂದ ಹೃದಯ ನೋಡುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ. ಆಘಾತದ ಗಳಿಗೆಗೆ ಹಾಕಿದ ಈ ದಾರಿಯನ್ನು ವರ್ಷಗಟ್ಟಲೆ ಕಾಡುವ ವೈಫಲ್ಯಕ್ಕೂ ಚಾಚಬಹುದು.

ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಎಲ್ಲಿದೆ ಎಂದು ಕೇಳಬಹುದು. ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್, ಸಾದಾ ಫೋನು ಇದ್ದರೆ ಕೆಲಸ ಶುರುವಾಗುತ್ತದೆ. ಮನೆಮನೆಯ ಅಂಕಿ ವಿಚಾರಿಸಬೇಕಾದ ಆಶಾ ಕಾರ್ಯಕರ್ತೆಯರಿಗೆ ಈಗಲೇ ಕೈತುಂಬ ಕೆಲಸ ಎಂಬುದು ನಿಜವಾದ ಆಕ್ಷೇಪ. ತರಬೇತಿ, ಸಂಭಾವನೆ ಎರಡೂ ಇಲ್ಲದೆ ಇದನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ. ರೋಗಿ ತಾನೇ ಮೈಯ ನೀರು ಇಳಿಸುವ ಮಾತ್ರೆ ಏರಿಸಿಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದೀತೆಂಬ ಭಯವೂ ಸರಿ. ಅದಕ್ಕೇ ಆ ತೀರ್ಮಾನ ವೈದ್ಯರದ್ದೇ ಆಗಿರಬೇಕು. ಇನ್ನು, ದೂರ ನಿಗಾ ಬಂದರೆ ವೈದ್ಯರ ಆತ್ಮೀಯತೆ ಹೋಗುತ್ತದೆ ಎನ್ನುವವರಿದ್ದಾರೆ. ತೂಕ ಏರಿದ ಬೆಳಿಗ್ಗೆಯೇ ಆಸ್ಪತ್ರೆಯಿಂದ ಫೋನು ಬಂದು, “ಅಜ್ಜಾ, ನಿನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿಂದ್ರಾ? ಮಾತ್ರೆ ತಪ್ಪಿಸಿದ್ರಾ?” ಎಂದು ದಾದಿ ಕೇಳುವುದರಲ್ಲಿ ಇರುವ ಆತ್ಮೀಯತೆ, ಮೂರು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಂತು ಪಡೆಯುವ ಐದು ನಿಮಿಷಕ್ಕಿಂತ ಕಡಿಮೆಯೇನಲ್ಲ.